ಜಗಲಿಯೂ ಇರಲಿ, ಒಳಮನೆಗೆ ಕದವೂ ಇರಲಿ

ಒಂದೇ ಸರ್ವರನ್ನು ಹತ್ತಾರು, ನೂರಾರು ಜನ ಹಂಚಿಕೊಂಡು ಬಳಸುವ ಎಲ್ಲರಲ್ಲೂ ನನ್ನದೊಂದು ಮನವಿ. ಕಾಲೇಜಿನ ಲಿನಕ್ಸ್ ಲ್ಯಾಬಿನಲ್ಲಿ ಕೂರುವ ವಿದ್ಯಾರ್ಥಿಗಳೇ, ಅವರಿಗೆ ಪಾಠ ಹೇಳುವ ಅಧ್ಯಾಪಕರೇ, ಸಂಶೋಧನಾ ಸಂಸ್ಥೆಗಳ ಕ್ಲಸ್ಟರಿನಲ್ಲಿ ರಾತ್ರಿಯಿಡೀ ಲೆಕ್ಕ ಓಡಿಸುವವರೇ, ರೂಟ್ ಪಾಸ್‌ವರ್ಡ್ ಕೈಯಲ್ಲಿರುವ ಅಡ್ಮಿನ್‌ಗಳೇ: ಇವತ್ತು ಕೆಲಸ ಮುಗಿಸಿ ಏಳುವ ಮೊದಲು ನಿಮ್ಮ ಹೋಮ್ ಡೈರೆಕ್ಟರಿಯ ಬಾಗಿಲು ಎಷ್ಟು ತೆರೆದಿದೆ ಎಂದು ಒಮ್ಮೆ ನೋಡಿ. ಯಾರಿಗೆ ಏನು ಕಾಣಬೇಕು ಎಂಬುದನ್ನು ನೀವೇ ತೀರ್ಮಾನಿಸಿ. ಯಾರೋ ಎಂದೋ ಹಾಕಿಟ್ಟ ಡೀಫಾಲ್ಟಿಗೆ ಆ ತೀರ್ಮಾನವನ್ನು ಬಿಟ್ಟುಕೊಡಬೇಡಿ.

ನಾನು ವರ್ಷಗಟ್ಟಲೆ ಒಂದು ಲ್ಯಾಬನ್ನು ನೋಡಿಕೊಂಡು ಬಂದವನು. ಕಣ್ಣೆದುರೇ ನಡೆದ ಎರಡು ಸಂಗತಿಗಳು ಈ ಮನವಿಯನ್ನು ಬರೆಸುತ್ತಿವೆ.

ಒಂದು ಸಂಜೆ ಕೊನೆಯ ವರ್ಷದ ಹುಡುಗನೊಬ್ಬ ಬಂದು ನನ್ನ ಮೇಜಿನ ಪಕ್ಕ ಸುಮ್ಮನೆ ನಿಂತ. ಅವನ ಪ್ರಾಜೆಕ್ಟ್ ಫೋಲ್ಡರ್ ಖಾಲಿಯಾಗಿತ್ತು. ಸ್ನೇಹಿತನಿಗೆ ಒಂದೇ ಒಂದು ಫೈಲ್ ತೋರಿಸಬೇಕಿತ್ತಂತೆ. ‘ಪರ್ಮಿಷನ್ ಡಿನೈಡ್’ ಅಂತ ಬಂತು. ಸೀನಿಯರ್ ಒಬ್ಬ, ‘777 ಹೊಡಿ, ಸರಿಹೋಗುತ್ತೆ’ ಅಂದ. ಇವನು ಹೊಡೆದ. ಸರಿಯೂ ಹೋಯಿತು. ಆಮೇಲೆ ಮೂರು ವಾರ ಆ ಫೋಲ್ಡರ್ ಹಾಗೆಯೇ ಇತ್ತು. ಪರದೆಯ ಮೇಲೆ ಅದರ ಸಾಲನ್ನು ತರಿಸಿ ನೋಡಿದೆ: ಮೊದಲು ಡೈರೆಕ್ಟರಿ ಎಂದು ಸೂಚಿಸುವ ‘ಡಿ’, ಅದರ ಹಿಂದೆ ಆರ್, ಡಬ್ಲ್ಯೂ, ಎಕ್ಸ್, ಮತ್ತೆ ಆರ್, ಡಬ್ಲ್ಯೂ, ಎಕ್ಸ್, ಮತ್ತೂ ಒಮ್ಮೆ ಅದೇ. ಎಲ್ಲಿಯೂ ಒಂದು ಗೆರೆಯಿಲ್ಲ, ಎಲ್ಲಿಯೂ ಒಂದು ತಡೆಯಿಲ್ಲ. ‘ಸರ್, ಒಳಗಿನ ಫೈಲುಗಳಿಗೆಲ್ಲ 600 ಕೊಟ್ಟಿದ್ದೆನಲ್ಲ, ಬೇರೆಯವರು ಹೇಗೆ ಅಳಿಸಿದರು?’ ಎಂದು ಕೇಳಿದ. ಫೈಲನ್ನು ಅಳಿಸುವ ಹಕ್ಕು ಫೈಲಿನ ಮೇಲಿನ ಅನುಮತಿಯಿಂದ ಬರುವುದಲ್ಲ, ಅದು ಇರುವ ಡೈರೆಕ್ಟರಿಯ ಮೇಲೆ ಬರೆಯುವ ಅನುಮತಿಯಿಂದ ಬರುವುದು. ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇನ್ನೊಂದು ಸಂಗತಿ ಇದಕ್ಕೆ ತದ್ವಿರುದ್ಧ. ಹುಡುಗಿಯೊಬ್ಬಳು ತನ್ನ ಹೋಮ್ ಡೈರೆಕ್ಟರಿಯನ್ನು 700 ಮಾಡಿಟ್ಟಿದ್ದಳು. ತಾನೊಬ್ಬಳೇ ಓದಬೇಕು, ಬರೆಯಬೇಕು, ಒಳಗೆ ಹೋಗಬೇಕು. ಬೇರೆಯವರಿಗೆ ಏನೂ ಇಲ್ಲ. ಅಜ್ಜಿ ತೀರಿಕೊಂಡ ಸುದ್ದಿ ಬಂದು ಅವಳು ರಾತ್ರಿ ಬಸ್ಸಿಗೇ ಊರಿಗೆ ಹೊರಟಳು. ಮರುದಿನ ಬೆಳಿಗ್ಗೆ ಪ್ರಾಜೆಕ್ಟ್ ರಿವ್ಯೂ. ಡೇಟಾ ಅವಳ ಫೋಲ್ಡರಿನಲ್ಲಿ. ಜೊತೆಗಾರ ಫೋನ್ ಮಾಡಿದಾಗ ಬಸ್ಸಿನಲ್ಲಿ ಕೂತಲ್ಲಿಂದಲೇ ತನ್ನ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು. ಅದೇ ಫೋಲ್ಡರಿನೊಳಗೆ ಅವಳ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಮನೆಯವರ ಫೋಟೋಗಳು ಇದ್ದವು. ಬೀಗವನ್ನೇನೋ ಅವಳು ಗಟ್ಟಿಯಾಗಿಯೇ ಹಾಕಿದ್ದಳು. ಒಂದು ಫೈಲನ್ನು ಮಾತ್ರ ಹೊರಗೆ ಇಡುವುದು ಹೇಗೆಂದು ತಿಳಿಯದೆ ಇಡೀ ಮನೆಯ ಬೀಗದಕೈಯನ್ನು ಕೊಟ್ಟಳು.

ಒಬ್ಬ ಮನೆಯನ್ನು ಹಾರುಹೊಡೆದ, ಇನ್ನೊಬ್ಬಳು ಕೀಲಿಯನ್ನೇ ಕೊಟ್ಟಳು. ಎರಡರ ಮೂಲವೂ ಒಂದೇ: ಪೂರ್ತಿ ತೆರೆಯುವುದಕ್ಕೂ ಪೂರ್ತಿ ಮುಚ್ಚುವುದಕ್ಕೂ ನಡುವೆ ಇರುವ ದಾರಿಯನ್ನು ನಾವು ಅವರಿಗೆ ತೋರಿಸಲಿಲ್ಲ.

ನಮ್ಮ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಹೊರಗೆ ಜಗಲಿ. ದಾರಿಹೋಕರೂ ಅಲ್ಲಿ ಕೂತು ಬೆವರು ಒರೆಸಿಕೊಂಡು ಹೋಗಬಹುದು. ಯಜಮಾನರು ಊರಿನಲ್ಲಿದ್ದಾರೋ ಇಲ್ಲವೋ ಎಂಬುದು ಜಗಲಿಯಲ್ಲೇ ತಿಳಿಯುತ್ತದೆ. ಒಳಗೆ ನಡುಮನೆ, ಅದು ಬಂಧುಬಳಗಕ್ಕೆ. ಅದರಾಚೆಯ ಕೋಣೆ, ಪೆಟ್ಟಿಗೆ, ಕಾಗದಪತ್ರ ಮನೆಯವರಿಗೆ ಮಾತ್ರ. ಯುನಿಕ್ಸ್ ಕೂಡ ಇದೇ ಮೂರು ಅಂಕಣಗಳನ್ನು ಕೊಟ್ಟಿದೆ: ಒಡೆಯ, ಗುಂಪು, ಇತರರು. ಮೂವರಿಗೂ ಮೂರು ಮೂರು ಅನುಮತಿ: ಓದು, ಬರೆ, ನಡೆಸು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಕೂಡಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಸಿಗುತ್ತದೆ. ಮೂರಂಕಿಯ ಈ ಲೆಕ್ಕವನ್ನು ಅರಿತವರು ಜಗಲಿಯನ್ನೂ ಕಟ್ಟಬಲ್ಲರು, ಕೋಣೆಗೆ ಕದವನ್ನೂ ಇಡಬಲ್ಲರು.

ಕಂಪ್ಯೂಟರಿನಲ್ಲಿ ಜಗಲಿ ಹೇಗೆ ಹುಟ್ಟಿತು ಎಂಬುದು ತಿಳಿದುಕೊಳ್ಳಬೇಕಾದ ಕಥೆ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಲೆಸ್ ಅರ್ನೆಸ್ಟ್ ಎಂಬವರು ‘ಫಿಂಗರ್’ ಎಂಬ ಪ್ರೋಗ್ರಾಮ್ ಬರೆದರು. ಯಾರು ಯಾರು ಲಾಗಿನ್ ಆಗಿದ್ದಾರೆ ಎಂಬ ಪಟ್ಟಿ ಅದಕ್ಕೆ ಮುಂಚೆಯೂ ಇತ್ತು. ಜನ ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ತಮಗೆ ಬೇಕಾದವರನ್ನು ಹುಡುಕುವುದನ್ನು ಅವರು ಗಮನಿಸಿದ್ದರು. ಹೆಸರು ಅಲ್ಲಿಂದಲೇ ಬಂತು. ಆಮೇಲೆ ಬಳಕೆದಾರರೇ ಇನ್ನೊಂದನ್ನು ಕೇಳಿದರು: ನಾವು ಇಲ್ಲದಿದ್ದಾಗ ಎಲ್ಲಿದ್ದೇವೆ, ಯಾವಾಗ ಬರುತ್ತೇವೆ ಎಂದು ಬರೆದಿಡಲು ಒಂದು ಜಾಗ ಬೇಕು. ಹೀಗೆ ಹುಟ್ಟಿದ್ದು ‘ಪ್ಲಾನ್’ ಫೈಲ್. ಯುನಿಕ್ಸಿನಲ್ಲಿ ಅದಕ್ಕೆ ‘ಡಾಟ್ ಪ್ಲಾನ್’ ಎಂಬ ಹೆಸರು. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. 1977ರಲ್ಲಿ ಫಿಂಗರಿಗೆ ಜಾಲದ ನಿಯಮಾವಳಿಯೊಂದು ಬಂತು. ಬರ್ಕ್‌ಲಿಯ ಯುನಿಕ್ಸಿನ ಮೂಲಕ ಅದು ವಿಶ್ವವಿದ್ಯಾಲಯಗಳಿಗೆಲ್ಲ ಹರಡಿತು. 1990ರ ದಶಕದಲ್ಲಿ ‘ಡೂಮ್’, ‘ಕ್ವೇಕ್’ ಆಟಗಳ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ತಮ್ಮ ದಿನದ ಕೆಲಸ, ತಿದ್ದಿದ ದೋಷಗಳ ಪಟ್ಟಿಯನ್ನು ಪ್ಲಾನ್ ಫೈಲಿನಲ್ಲೇ ಬರೆದಿಡುತ್ತಿದ್ದರು. ಅದನ್ನು ಓದಲು ಜನ ಕಾಯುತ್ತಿದ್ದರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಇತ್ತೀಚಿನ ಭೂಕಂಪಗಳ ವಿವರವನ್ನು ಕೂಡ ಫಿಂಗರ್ ಮೂಲಕ ಕೊಡುತ್ತಿತ್ತು.

ಈ ಪ್ಲಾನ್ ಫೈಲಿನ ಗುಣವನ್ನು ಸ್ವಲ್ಪ ನಿಂತು ನೋಡಿ. ಅದರಲ್ಲಿ ಇರುವುದೆಲ್ಲ ಒಡೆಯ ತನ್ನ ಕೈಯಾರೆ ಬರೆದದ್ದು. ಬೇಡವೆನಿಸಿದ ದಿನ ಅವನೇ ಅಳಿಸಬಹುದು. ಯಾರೂ ಅವನನ್ನು ಕೇಳದೆ ಅವನ ವಿಷಯ ಸಂಗ್ರಹಿಸಿ ಅಲ್ಲಿ ಹಾಕುವುದಿಲ್ಲ. ಸ್ವಂತ ವಿಷಯವನ್ನು ಹಂಚಿಕೊಳ್ಳಲು ಇದಕ್ಕಿಂತ ಮರ್ಯಾದೆಯ ವಿಧಾನವನ್ನು ನಾನು ಕಂಡಿಲ್ಲ.

ಆದರೆ ಫಿಂಗರ್ ಪ್ಲಾನನ್ನು ಮಾತ್ರ ತೋರಿಸುತ್ತಿರಲಿಲ್ಲ. ಕೊನೆಯ ಬಾರಿ ಯಾವಾಗ, ಎಲ್ಲಿಂದ ಲಾಗಿನ್ ಆದಿರಿ, ಎಷ್ಟು ಹೊತ್ತಿನಿಂದ ಕೀಬೋರ್ಡ್ ಮುಟ್ಟಿಲ್ಲ, ಟಪಾಲು ಯಾವಾಗ ಓದಿದಿರಿ ಎಂಬುದನ್ನೂ ಹೇಳುತ್ತಿತ್ತು. ಅಕೌಂಟ್ ತೆರೆಯುವಾಗ ಅಡ್ಮಿನ್ ತುಂಬಿದ ಪೂರ್ತಿ ಹೆಸರು, ಕೋಣೆಯ ಸಂಖ್ಯೆ, ಕಚೇರಿಯ ಮತ್ತು ಮನೆಯ ಫೋನ್ ನಂಬರು ಕೂಡ ಅದರಲ್ಲಿ ಬರುತ್ತಿದ್ದವು. ಇವು ಒಡೆಯ ಬರೆದದ್ದಲ್ಲ. ಅವನನ್ನು ಯಾರೂ ಕೇಳಿಯೂ ಇಲ್ಲ. ಒಬ್ಬ ಹೆಣ್ಣುಮಗಳು ರಾತ್ರಿ ಎಷ್ಟು ಹೊತ್ತಿನವರೆಗೆ ಯಾವ ಟರ್ಮಿನಲ್ಲಿನಲ್ಲಿ ಕೂತಿದ್ದಳು ಎಂಬುದು ಊರಿಗೆಲ್ಲ ತಿಳಿಯಬೇಕಾದ ವಿಷಯವೇ?

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಬಿಟ್ಟ ಕಂಪ್ಯೂಟರ್ ಹುಳ ಒಳನುಗ್ಗಲು ಬಳಸಿಕೊಂಡ ದಾರಿಗಳಲ್ಲಿ ಫಿಂಗರ್ ಸೇವೆಯೂ ಒಂದು. 512 ಬೈಟುಗಳಿಗೆಂದು ಇಟ್ಟ ಜಾಗಕ್ಕೆ 536 ಬೈಟುಗಳನ್ನು ತುರುಕಿ ಅದು ಯಂತ್ರಗಳನ್ನು ವಶಮಾಡಿಕೊಂಡಿತು. 1991ರಲ್ಲಿ ಪರಿಷ್ಕೃತ ನಿಯಮಾವಳಿ ಬಂದಾಗ, ಈ ಸೇವೆಯನ್ನು ನಡೆಸಬೇಕೇ, ನಡೆಸಿದರೆ ಯಾವ ಯಾವ ವಿವರ ಕೊಡಬೇಕು ಎಂಬುದನ್ನು ಆಡಳಿತಗಾರರು ಯೋಚಿಸಿ ತೀರ್ಮಾನಿಸಬೇಕು ಎಂದು ಅದರಲ್ಲಿ ಬರೆದರು. ಒಂದೊಂದಾಗಿ ಸಂಸ್ಥೆಗಳು ಹೊರಜಾಲಕ್ಕೆ ಫಿಂಗರನ್ನು ಮುಚ್ಚಿದವು. ಮುಚ್ಚಿದ್ದು ಸರಿ. ಆದರೆ ಕಳ್ಳಗಿಂಡಿಯನ್ನು ಮುಚ್ಚುವ ಭರದಲ್ಲಿ ಜಗಲಿಯನ್ನೂ ಕೆಡವಿದೆವು. ಆ ಜಾಗಕ್ಕೆ ಬಂದದ್ದು ಏನು? ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುವ ವಾಟ್ಸ್ಆ್ಯಪ್ ಗುಂಪುಗಳು, ಕೈಯಿಂದ ಕೈಗೆ ದಾಟುವ ಪಾಸ್‌ವರ್ಡುಗಳು, ಮತ್ತು 777.

ಆದ್ದರಿಂದ ವಿದ್ಯಾರ್ಥಿಗಳಲ್ಲಿ, ಸಂಶೋಧಕರಲ್ಲಿ ಮೊದಲ ಕೋರಿಕೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಈ ಕೆಲಸ ಮಾಡಿ, ಇದೇ ಕ್ರಮದಲ್ಲಿ ಮಾಡಿ.

ಮೊದಲು ‘ಯುಮಾಸ್ಕ್’ 077 ಎಂದು ನಿಮ್ಮ ಶೆಲ್ಲಿನ ಆರಂಭದ ಫೈಲಿನಲ್ಲಿ ಬರೆಯಿರಿ. ಇಲ್ಲಿನ ಅಂಕಿಗಳು ಕೊಡುವ ಅನುಮತಿಯನ್ನಲ್ಲ, ತಡೆಯುವ ಅನುಮತಿಯನ್ನು ಹೇಳುತ್ತವೆ; ಹಾಗಾಗಿ ಇನ್ನು ಮುಂದೆ ಹುಟ್ಟುವ ಫೈಲುಗಳು ನಿಮಗೆ ಮಾತ್ರ ಕಾಣುತ್ತವೆ. ಎಷ್ಟೋ ಯಂತ್ರಗಳಲ್ಲಿ ಇದು 022 ಎಂದಿರುತ್ತದೆ. ಹಾಗಿದ್ದರೆ, ಡೈರೆಕ್ಟರಿಯೇ ತಡೆಯದ ಹೊರತು, ನೀವು ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಬಹುದು. ಆಮೇಲೆ ಈಗಾಗಲೇ ಇರುವ ಫೈಲುಗಳಿಂದ ಗುಂಪಿನ ಮತ್ತು ಇತರರ ಅನುಮತಿಗಳನ್ನು ‘ಸಿಎಚ್‌ಮಾಡ್’ ಆಜ್ಞೆಯಿಂದ ತೆಗೆಯಿರಿ. ಇವೆರಡೂ ಮುಗಿದ ಮೇಲೆ ಮಾತ್ರ ಹೋಮ್ ಡೈರೆಕ್ಟರಿಗೆ 711 ಕೊಡಿ.

711ರ ಅರ್ಥವನ್ನು ಬಿಡಿಸಿ ಹೇಳಬೇಕು. ಡೈರೆಕ್ಟರಿಯ ಮೇಲೆ ‘ಓದು’ ಎಂದರೆ ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ನೋಡುವ ಅನುಮತಿ. ‘ನಡೆಸು’ ಎಂದರೆ ಅದರ ಮೂಲಕ ಹಾದುಹೋಗುವ ಅನುಮತಿ. 711ರಲ್ಲಿ ಇತರರು ಹಾದುಹೋಗಬಹುದು, ಪಟ್ಟಿ ನೋಡಲಾಗದು. ಹೆಸರು ಗೊತ್ತಿರುವ ಫೈಲನ್ನು, ಆ ಫೈಲೇ ಓದಲು ಬಿಟ್ಟರೆ ಮಾತ್ರ, ಓದಬಹುದು. ಎಚ್ಚರ: 711 ಹೆಸರುಗಳನ್ನು ಮರೆಮಾಡುತ್ತದೆಯೇ ಹೊರತು ಫೈಲುಗಳನ್ನು ಕಾಯುವುದಿಲ್ಲ. 644 ಇರುವ ಫೈಲಿನ ಹೆಸರನ್ನು ಯಾರಾದರೂ ಊಹಿಸಿದರೆ ಅದನ್ನು ಓದಿಬಿಡಬಹುದು. ಒಳಗಿನ ಕದಗಳನ್ನು ಮೊದಲು ಹಾಕಿ ಎಂದದ್ದು ಇದಕ್ಕೇ.

ಕೊನೆಗೆ ಪ್ಲಾನ್ ಫೈಲನ್ನು ಬರೆದು ಅದೊಂದಕ್ಕೆ 644 ಕೊಡಿ. ಹೋಮ್ ಡೈರೆಕ್ಟರಿ 700 ಇದ್ದಾಗ ನೀವು ಎಷ್ಟೇ ಚೆನ್ನಾಗಿ ಬರೆದಿದ್ದರೂ ಫಿಂಗರ್ ‘ನೋ ಪ್ಲಾನ್’ ಎನ್ನುತ್ತದೆ. ಜನ ತಾಳ್ಮೆಗೆಟ್ಟು 777 ಹೊಡೆಯುವುದು ಈ ಘಟ್ಟದಲ್ಲೇ. ಬೇಕಿದ್ದದ್ದು ಹಾದುಹೋಗುವ ಆ ಒಂದು ಅನುಮತಿ ಮಾತ್ರ. ನಿಮ್ಮ ಯಂತ್ರದಲ್ಲಿ ಫಿಂಗರ್ ಇಲ್ಲದಿದ್ದರೂ ಚಿಂತೆಯಿಲ್ಲ. ‘ಕ್ಯಾಟ್’ ಆಜ್ಞೆಯಿಂದಲೇ ಗೆಳೆಯರು ನಿಮ್ಮ ಪ್ಲಾನನ್ನು ಓದಬಹುದು.

ಅದರಲ್ಲಿ ಏನು ಬರೆಯಬೇಕು? ಏನು ಕೆಲಸ ಮಾಡುತ್ತಿದ್ದೀರಿ, ಯಾವಾಗ ಸಿಗುತ್ತೀರಿ, ಯಾವ ವಿಷಯದಲ್ಲಿ ನೆರವು ಕೊಡಬಲ್ಲಿರಿ, ಗುಂಪಿನ ಫೈಲುಗಳು ಎಲ್ಲಿವೆ. ಇಷ್ಟು ಸಾಕು. ಮೊಬೈಲ್ ನಂಬರು, ಹಾಸ್ಟೆಲ್ ಕೋಣೆ, ಮನೆ ವಿಳಾಸ, ಹುಟ್ಟಿದ ದಿನ ಬೇಡ. ಇನ್ನೊಬ್ಬರ ವಿಷಯ, ಅವರನ್ನು ಕೇಳದೆ, ಖಂಡಿತ ಬೇಡ. ಒಮ್ಮೆ ಯಾರಾದರೂ ನಕಲು ಮಾಡಿಕೊಂಡ ಮೇಲೆ 600 ಕೊಟ್ಟರೆ ಕೋಟೆ ಸೂರೆಹೋದ ಮೇಲೆ ಊರ ಬಾಗಿಲು ಹಾಕಿದಂತೆ.

ಜೊತೆಯಾಗಿ ಕೆಲಸ ಮಾಡುವವರಿಗೆ ನಡುಮನೆ ಬೇಕು. ಪ್ರಾಜೆಕ್ಟಿಗೆ ಒಂದು ಗುಂಪು ಮಾಡಿಸಿಕೊಳ್ಳಿ, ಅದಕ್ಕೊಂದು ಫೋಲ್ಡರ್ ಕೇಳಿ ಪಡೆಯಿರಿ, ಅದಕ್ಕೆ 2770 ಕೊಡಿಸಿ. ಮೊದಲ ಅಂಕಿ 2 ಆಗಿರುವುದರಿಂದ ಒಳಗೆ ಯಾರು ಫೈಲ್ ಮಾಡಿದರೂ ಅದು ಗುಂಪಿನ ಹೆಸರಿಗೇ ಸೇರುತ್ತದೆ. ಅಲ್ಲಿ ಕೆಲಸ ಮಾಡುವಾಗ ಮಾತ್ರ ಯುಮಾಸ್ಕನ್ನು 007 ಮಾಡಿಕೊಳ್ಳಿ, ಇಲ್ಲದಿದ್ದರೆ ಫೈಲ್ ಗುಂಪಿನದಾದರೂ ಜೊತೆಗಾರರಿಗೆ ತೆರೆಯುವುದಿಲ್ಲ. ಆ ಹುಡುಗಿಯ ಡೇಟಾ ಇಂಥ ಫೋಲ್ಡರಿನಲ್ಲಿ ಇದ್ದಿದ್ದರೆ ದುಃಖದ ಆ ರಾತ್ರಿ ಅವಳಿಗೆ ಫೋನೇ ಬರುತ್ತಿರಲಿಲ್ಲ.

ಅಧ್ಯಾಪಕರಲ್ಲಿ ಎರಡನೆಯ ಕೋರಿಕೆ. ಅನುಮತಿಗಳ ಪಾಠ ನಮ್ಮ ಲ್ಯಾಬ್ ಮ್ಯಾನ್ಯುಯಲ್ಲುಗಳಲ್ಲಿ ಒಂದು ಆಜ್ಞೆಯ ಒಂದು ಉದಾಹರಣೆಯಾಗಿ ಬಂದು ಹೋಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ದಯವಿಟ್ಟು ಅದನ್ನು ಇಬ್ಬಿಬ್ಬರನ್ನು ಜೋಡಿಯಾಗಿ ಕೂರಿಸಿ ಕಲಿಸಿ. ಒಬ್ಬ ಫೈಲ್ ಇಡಲಿ, ಇನ್ನೊಬ್ಬ ತನ್ನ ಲಾಗಿನ್ನಿಂದ ಓದಲು, ತಿದ್ದಲು, ಅಳಿಸಲು ಪ್ರಯತ್ನಿಸಲಿ. ತನ್ನ ಫೈಲು ಬೇರೊಬ್ಬನ ಪರದೆಯ ಮೇಲೆ ತೆರೆದುಕೊಳ್ಳುವುದನ್ನು ಒಮ್ಮೆ ಕಂಡ ವಿದ್ಯಾರ್ಥಿ ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಇದು ಲ್ಯಾಬಿಗಷ್ಟೇ ಸೀಮಿತವಾದ ವಿದ್ಯೆಯೂ ಅಲ್ಲ. ಅವರ ಜೇಬಿನ ಆ್ಯಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಇದೆ. ಒಂದೊಂದು ಆ್ಯಪಿಗೂ ಒಂದೊಂದು ಬೇರೆ ಬಳಕೆದಾರ ಸಂಖ್ಯೆ ಕೊಟ್ಟು, ಒಂದರ ಫೈಲು ಇನ್ನೊಂದಕ್ಕೆ ಕಾಣದಂತೆ ಅಲ್ಲಿ ಕಾಯುವುದು ಇದೇ ಏರ್ಪಾಡು.

ಅಡ್ಮಿನ್‌ಗಳಲ್ಲಿ ಮೂರನೆಯ ಕೋರಿಕೆ. ನಿಮ್ಮ ಕೈಯಲ್ಲಿರುವುದು ಎಲ್ಲರ ಮನೆಯ ಬೀಗದಕೈ. ಹೊಸ ಅಕೌಂಟ್ ತೆರೆಯುವಾಗ ಫೋನ್ ನಂಬರು, ಕೋಣೆ ಸಂಖ್ಯೆಗಳನ್ನು ಹೆಸರಿನ ಜೊತೆ ತುಂಬಬೇಡಿ; ಪಾಸ್‌ವರ್ಡ್ ಫೈಲ್ ಎಂದು ಕರೆಯುವ ಆ ಫೈಲನ್ನು ಯಂತ್ರದ ಮೇಲಿರುವ ಪ್ರತಿಯೊಬ್ಬರೂ ಓದಬಹುದು ಎಂಬುದು ನಿಮಗೆ ಗೊತ್ತು. ಹೋಮ್ ಡೈರೆಕ್ಟರಿಗಳು ಮುಚ್ಚಿಕೊಂಡೇ ಹುಟ್ಟಲಿ. ಉಬುಂಟು ಬಹುಕಾಲ 755 ಕೊಡುತ್ತಿತ್ತು, 2021ರ 21.04 ಆವೃತ್ತಿಯಿಂದ ಹೊಸ ಬಳಕೆದಾರರಿಗೆ 750 ಕೊಡುತ್ತಿದೆ. ಆದರೆ ಹಳೆಯ ಯಂತ್ರವನ್ನು ಮೇಲ್ದರ್ಜೆಗೆ ಏರಿಸಿದ ಮಾತ್ರಕ್ಕೆ ಹಳೆಯ ಫೋಲ್ಡರುಗಳು ತಾವಾಗಿಯೇ ಮುಚ್ಚಿಕೊಳ್ಳುವುದಿಲ್ಲ. ಅವನ್ನು ಒಮ್ಮೆ ನೋಡಿ. ಫಿಂಗರ್ ಬೇಕೆನಿಸಿದರೆ ಯಂತ್ರದೊಳಗಷ್ಟೇ ಇರಲಿ. ಹೊರಜಾಲಕ್ಕೆ 79ನೇ ಪೋರ್ಟ್ ಮುಚ್ಚಿರಲಿ. ಯಾರಾದರೂ ‘ಓಪನ್ ಆಗ್ತಿಲ್ಲ ಸರ್’ ಎಂದು ಬಂದಾಗ ಅವಸರಕ್ಕೆ 777 ಹೊಡೆದು ಕಳಿಸಬೇಡಿ. ಹೋಮ್ ಡೈರೆಕ್ಟರಿಗೆ ಎಲ್ಲರೂ ಬರೆಯಬಹುದಾದರೆ ಎಸ್‌ಎಸ್‌ಎಚ್ ತನ್ನ ಮಾಮೂಲು ವ್ಯವಸ್ಥೆಯಲ್ಲಿ ಆ ಬಳಕೆದಾರನ ಕೀಲಿಯನ್ನೇ ಒಪ್ಪುವುದಿಲ್ಲ. ಯಂತ್ರಕ್ಕೇ ಇರುವ ಈ ಎಚ್ಚರ ನಮಗೂ ಇರಲಿ.

ಸಂಸ್ಥೆಗಳ ಮುಖ್ಯಸ್ಥರಲ್ಲಿ ಒಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಬಂದದ್ದು ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೂ ಬಂತು. ಒಪ್ಪಿಗೆ ಪಡೆಯುವುದು, ಹೇಳಿದ ಉದ್ದೇಶಕ್ಕಷ್ಟೇ ಬಳಸುವುದು ಅದರ ತಿರುಳು. ಆ ಹಕ್ಕು ತೀರ್ಪಿನ ಪುಟಗಳಲ್ಲೇ ಉಳಿಯಬಾರದು. ನಿಮ್ಮ ಲ್ಯಾಬಿನ ಸರ್ವರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಫೋಲ್ಡರಿನ ಎದುರು ಇರುವ ಒಂಬತ್ತು ಅಕ್ಷರಗಳಲ್ಲೂ ಅದು ಕಾಣಬೇಕು.

‘ಈ ಕಾಲದಲ್ಲಿ ಫಿಂಗರ್ ಯಾರು ಬಳಸುತ್ತಾರೆ?’ ಎಂದು ನೀವು ಕೇಳಬಹುದು. ಫಿಂಗರನ್ನೇ ಬಳಸಿ ಎಂಬುದು ನನ್ನ ಹಟವಲ್ಲ. ತನ್ನ ವಿಷಯವನ್ನು ತಾನೇ ಬರೆದು, ತಾನೇ ತೆರೆದು, ತಾನೇ ಮುಚ್ಚುವ ರೂಢಿ ಉಳಿಯಲಿ ಎಂಬುದು ನನ್ನ ಆಸೆ. ಈ ರೂಢಿಯನ್ನು ನಾಲ್ಕು ಸಾಲಿನ ಫೈಲಿನಲ್ಲಿ ಕಲಿತವರು ನಾಳೆ ಸಾವಿರಾರು ಜನರ ಮಾಹಿತಿ ಇರುವ ಸಾಫ್ಟ್‌ವೇರ್ ಬರೆಯುವಾಗಲೂ ಕೈಬಿಡುವುದಿಲ್ಲ. ‘ಹಾಗಾದರೆ ಎಲ್ಲವನ್ನೂ ಮುಚ್ಚಿಬಿಟ್ಟರೆ ಸುಲಭವಲ್ಲವೇ?’ ಎಂದೂ ಕೇಳಬಹುದು. ಮುಚ್ಚಿಟ್ಟ ಮನೆಯಿಂದ ಪಾಸ್‌ವರ್ಡ್ ಹೇಗೆ ಹೊರಬಂತು ಎಂಬುದನ್ನು ಮೇಲೆ ಹೇಳಿದ್ದೇನೆ. ಅದೂ ಅಲ್ಲದೆ, ಕಲಿಯುವ ಜಾಗದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣದಿದ್ದರೆ ಕಲಿಕೆಯೇ ಸೊರಗುತ್ತದೆ.

ಆ ಹುಡುಗಿ ಊರಿಂದ ಬಂದ ಮೇಲೆ ನಾವಿಬ್ಬರೂ ಕೂತು ಅವಳ ಫೋಲ್ಡರುಗಳನ್ನು ಒಂದೊಂದಾಗಿ ಸರಿಮಾಡಿದೆವು. ಮೊದಲು ಪಾಸ್‌ವರ್ಡ್ ಬದಲಾಯಿಸಿದಳು. ಪಾಸ್‌ಬುಕ್ಕಿನ ಸ್ಕ್ಯಾನನ್ನು ಸರ್ವರಿನಿಂದಲೇ ತೆಗೆದಳು. ಡೇಟಾ ಗುಂಪಿನ ಫೋಲ್ಡರಿಗೆ ಹೋಯಿತು. ಅದಾಗಿ ಕೆಲವು ತಿಂಗಳಿಗೆ, ಒಂದು ಶುಕ್ರವಾರ, ಅವಳ ಪ್ಲಾನನ್ನು ತೆರೆದು ನೋಡಿದೆ. ಮೂರು ಸಾಲು ಇತ್ತು: ‘ಸೋಮವಾರದವರೆಗೆ ಊರಿನಲ್ಲಿರುತ್ತೇನೆ. ಡೇಟಾ ಗುಂಪಿನ ಫೋಲ್ಡರಿನಲ್ಲಿದೆ. ಬೇರೇನಾದರೂ ಬೇಕಾದರೆ ಮೇಲ್ ಮಾಡಿ, ರಾತ್ರಿ ನೋಡುತ್ತೇನೆ.’ ಆ ಶನಿವಾರ ಅವಳ ಜೊತೆಗಾರ ಬಂದು ಕೂತು, ತನ್ನ ಲಾಗಿನ್ನಿನಲ್ಲೇ ಕೆಲಸ ಮುಗಿಸಿ ಹೋದ.

ನಿಮ್ಮ ಮೂರು ಸಾಲುಗಳನ್ನು ಇವತ್ತೇ ಬರೆಯಿರಿ. ಬರೆಯುವ ಮೊದಲು ಒಳಗಿನ ಕದಗಳನ್ನು ಒಮ್ಮೆ ಹಾಕಿಕೊಳ್ಳಿ. ನಾಳೆ ಪಕ್ಕದಲ್ಲಿ ಕೂರುವವರಿಗೂ ಇದನ್ನು ಹೇಳಿಕೊಡಿ.